ಹಳೇ ಸಾಫ್ಟ್‌ವೇರಿನಲ್ಲಿ ಸಿಕ್ಕಿಬಿದ್ದ ಪುಸ್ತಕಪಟ್ಟಿ: ಹೊರತೆಗೆದರೆ ಕಾಪಿರೈಟ್ ತೊಂದರೆಯೇ?

ಪ್ರಶ್ನೆ (ಡೊಂಬಿವಲಿ): ನಮ್ಮ ಕನ್ನಡ ಸಂಘದ ಗ್ರಂಥಾಲಯದ ಸುಮಾರು 6,000 ಪುಸ್ತಕಗಳ ಪಟ್ಟಿ ಫಾಕ್ಸ್‌ಪ್ರೋದಲ್ಲಿ ಬರೆದ ಹಳೇ ಸಾಫ್ಟ್‌ವೇರಿನಲ್ಲಿದೆ. ಅದು ತೆರೆಯಲು ಕಂಪ್ಯೂಟರಿಗೆ ಚುಚ್ಚಬೇಕಾದ ಬೀಗದ ಸಾಧನ, ಅಂದರೆ ಡಾಂಗಲ್, ಕೆಟ್ಟಿದೆ, ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಕೋಹಾ ಎಂಬ ಉಚಿತ ಗ್ರಂಥಾಲಯ ಸಾಫ್ಟ್‌ವೇರಿಗೆ ಹೋಗಬೇಕೆಂದಿದ್ದೇವೆ. ಡಾಂಗಲ್ ಒಡೆಸಬಹುದೇ? ಎಲ್ಲಿಂದ ಶುರು ಮಾಡೋಣ?

ಮಾಟುಂಗದಿಂದ: ಡಾಂಗಲ್ ಒಡೆಸಬೇಡಿ, ಅದರ ಅಗತ್ಯವೇ ಇಲ್ಲ. ಪ್ರೋಗ್ರಾಂ ಬರೆದವರದು. ನೀವು ಕೂತು ತುಂಬಿಸಿದ ಪುಸ್ತಕದ ಹೆಸರು, ಲೇಖಕ, ದಾಖಲೆ ಸಂಖ್ಯೆ ಅವರದಲ್ಲ. ಡೇಟಾ ಫೈಲನ್ನು ಬೇರೆ ಸಾಧನದಿಂದ ಓದಿದರೆ ಅವರ ಪ್ರೋಗ್ರಾಂ ನಕಲಾಗುವುದಿಲ್ಲ.

ಫೈಲಿನ ರಚನೆ ಅರ್ಥವಾಗದೆ ಪ್ರೋಗ್ರಾಂ ಒಳಗೇ ಇಣುಕಬೇಕಾದರೂ 1957ರ ಕಾಪಿರೈಟ್ ಕಾಯ್ದೆ ಜಾಗ ಬಿಟ್ಟಿದೆ. ಕಲಂ 52(1)(ಎಎ) ಕಾನೂನುಬದ್ಧವಾಗಿ ಪಡೆದವರಿಗೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಬಿಡುತ್ತದೆ. (ಎಬಿ), ಸ್ವತಂತ್ರವಾಗಿ ಬರೆದ ಇನ್ನೊಂದು ಪ್ರೋಗ್ರಾಂ ಇದರೊಂದಿಗೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ತೆಗೆಯಲು ಬಿಡುತ್ತದೆ, ಆದರೆ ಆ ಮಾಹಿತಿ ಬೇರೆಡೆ ಸುಲಭವಾಗಿ ಸಿಗಬಾರದು ಎಂಬ ಷರತ್ತಿದೆ. ಹಾಗಾಗಿ ಮೊದಲು ಮಾಡಿಕೊಟ್ಟವರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ಫೈಲಿನ ವಿವರ ಕೇಳಿ, 15 ದಿನ ಕಾಯಿರಿ. ರಸೀದಿ ಜೋಪಾನ. ಕೇಳಿದರೂ ಸಿಗಲಿಲ್ಲ ಎನ್ನುವುದಕ್ಕೆ ಅದೇ ಪುರಾವೆ.

ಅದೇ ಕಾಯ್ದೆಗೆ 2012ರಲ್ಲಿ ಸೇರಿದ ಕಲಂ 65ಎ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆ ಎನ್ನುತ್ತದೆ. ನಿಮ್ಮ ಉದ್ದೇಶ ಅದಲ್ಲ, ಸರಿ. ಆದರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಯಾರಿಂದಲೋ ಬೀಗ ಮುರಿಯುವ ಕ್ರ್ಯಾಕ್ ತಂದು ಹಾಕಿಸಿದ ಮೇಲೆ ಉದ್ದೇಶ ವಿವರಿಸುತ್ತ ಕೂರುವುದು ಯಾಕೆ?

ಠಾಣೆಯಿಂದ: ಒಂದು ಎಚ್ಚರಿಕೆ. ನಿಮ್ಮ ಕರಾರಿನಲ್ಲಿ "ರಿವರ್ಸ್ ಎಂಜಿನಿಯರಿಂಗ್ ಕೂಡದು", ಅಂದರೆ ಪ್ರೋಗ್ರಾಂ ಬಿಚ್ಚಿ ನೋಡಬಾರದು, ಎಂದಿದೆಯೇ ನೋಡಿ. ಯುರೋಪಿನ 2009ರ ನಿರ್ದೇಶನದಲ್ಲಿ ಇಂಥ ಷರತ್ತು ಹೊಂದಾಣಿಕೆಯ ಹಕ್ಕಿಗೆ ಅಡ್ಡ ಬಂದರೆ ಅದು ಅಸಿಂಧು. ನಮ್ಮ ಕಾಯ್ದೆಯಲ್ಲಿ ಅಷ್ಟು ನೇರವಾದ ಮಾತಿಲ್ಲ. ಸಾರ್ವಜನಿಕರ ಪರವಾಗಿ ತುಂಬಲೇಬೇಕಾದ ಕೊರತೆ ಇದು. ಷರತ್ತಿದ್ದರೆ ಡೇಟಾ ಫೈಲಿನಾಚೆ ಹೋಗುವ ಮುನ್ನ ವಕೀಲರಿಗೆ ತೋರಿಸಿ.

ಪುಣೆಯಿಂದ: ಕೆಲಸದ ಮಾತಿಗೆ ಬರೋಣ. ಇಡೀ ಫೋಲ್ಡರನ್ನೇ ಎರಡು ಪೆನ್‌ಡ್ರೈವಿಗೆ ನಕಲಿಸಿ, ಮೂಲ ಮುಟ್ಟಬೇಡಿ. ಫಾಕ್ಸ್‌ಪ್ರೋ ಪಟ್ಟಿಯನ್ನು ಇಡುವ ಡಿಬಿಎಫ್ (.dbf) ಫೈಲಿನ ಜೊತೆ ಅದೇ ಹೆಸರಿನ ಎಫ್‌ಪಿಟಿ ಇದ್ದರೆ ಎರಡೂ ಬೇಕು. ಉದ್ದದ ಟಿಪ್ಪಣಿಗಳು ಎಫ್‌ಪಿಟಿಯಲ್ಲಿರುತ್ತವೆ.

ಲಿಬ್ರೆ ಆಫೀಸಿನಲ್ಲಿ ಡಿಬಿಎಫ್ ತೆರೆಯುವಾಗ ಅಕ್ಷರಸಂಕೇತ ಕೇಳುತ್ತದೆ. ವಿಂಡೋಸ್-1252 ಆರಿಸಿ. ನಿಮ್ಮ ಕನ್ನಡ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿದ್ದರೆ, ಯುಟಿಎಫ್-8 ಎಂದರೆ ಅಕ್ಷರ ಅಲ್ಲೇ ಹಾಳು. ಆಮೇಲೆ ಕನ್ನಡ ಕಾಲಂಗಳನ್ನು ಮಾತ್ರ ಯುನಿಕೋಡ್ ಪರಿವರ್ತಕಕ್ಕೆ ಕೊಡಿ. ಇಂಗ್ಲಿಷ್ ಶೀರ್ಷಿಕೆ ಸೇರಿದರೆ ಅದೂ ಕನ್ನಡ ಚೂರುಗಳಾಗುತ್ತದೆ. ನಿಮ್ಮಲ್ಲಿ ಮರಾಠಿ ಪುಸ್ತಕಗಳೂ ಇರುತ್ತವೆ. ಅವು ಶ್ರೀಲಿಪಿ ಫಾಂಟಿನಲ್ಲಿದ್ದರೆ ಆ ಸಾಲುಗಳಿಗೆ ಬೇರೆ ಪರಿವರ್ತಕ.

ಎಡವುವುದು ಅರ್ಕಾವತ್ತಿನಲ್ಲಿ. ನುಡಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಬರೀ ಹುಡುಕಿ-ಬದಲಿಸಿ ಮಾಡಿದರೆ ಕರ್ನಾಟಕ "ಕನಾರ್ಟಕ" ಆಗುತ್ತದೆ, ಧರ್ಮ "ಧಮರ್". ಪರಿವರ್ತನೆ ಆದಕೂಡಲೇ ಈ ಎರಡು ಪದ ಹುಡುಕಿ. ಒಂದು ಸಿಕ್ಕರೂ ಪರಿವರ್ತಕ ಬದಲಿಸಿ, ಕೈಯಿಂದ ತಿದ್ದುತ್ತ ಕೂರಬೇಡಿ.

ದಾಖಲೆ ಸಂಖ್ಯೆ, ಐಎಸ್‌ಬಿಎನ್ ಕಾಲಂಗಳನ್ನು 'ಪಠ್ಯ' ಎಂದೇ ಇಡಿ. ಇಲ್ಲದಿದ್ದರೆ 00412 ಬರೀ 412 ಆಗುತ್ತದೆ, ಪುಸ್ತಕದ ಬೆನ್ನಿನ ಚೀಟಿಗೆ ತಾಳೆಯಾಗದು. ಮಾರ್ಕ್‌ಎಡಿಟ್‌ನಿಂದ ಗ್ರಂಥಾಲಯಗಳ ಪ್ರಮಾಣಿತ ರೂಪವಾದ ಮಾರ್ಕ್ ದಾಖಲೆ ಮಾಡಿ. ಅದರಲ್ಲಿ ಯಾವುದು ಯಾವ ಸಂಖ್ಯೆಯ ಅಂಕಣಕ್ಕೆಂದರೆ: ಲೇಖಕ 100, ಶೀರ್ಷಿಕೆ 245, ಪ್ರತಿಯ ವಿವರ 952. ಮೊದಲು 20 ಪುಸ್ತಕ ಮಾತ್ರ ಏರಿಸಿ. ತಪ್ಪಾದರೆ ಆ ಕಂತನ್ನು ಹಿಂತೆಗೆಯಲು ಕೋಹಾದಲ್ಲೇ ದಾರಿಯಿದೆ.

ವಾಸ್ಕೋದಿಂದ: ಕೋಹಾ ಡೆಬಿಯನ್ ಎಂಬ ಉಚಿತ ಲಿನಕ್ಸ್ ಮೇಲೆ ಓಡುತ್ತದೆ, ಕದ್ದ ವಿಂಡೋಸ್ ಬೇಡ. ಗೊತ್ತಿದ್ದೂ ನಕಲಿ ಪ್ರೋಗ್ರಾಂ ಬಳಸಿದರೆ ಕಾಪಿರೈಟ್ ಕಾಯ್ದೆಯ ಕಲಂ 63ಬಿ ಪ್ರಕಾರ ಕನಿಷ್ಠ 7 ದಿನ ಸೆರೆ, 50,000 ರೂಪಾಯಿ ದಂಡ. ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಸೆರೆ ಬಿಡಬಹುದು, ಅಷ್ಟೆ.

ಇನ್ನು ಮುಂದೆ ಹೊರಗಿನವರಿಂದ ಏನಾದರೂ ಬರೆಸಿದರೆ ಹಣ ಕೊಟ್ಟ ಮಾತ್ರಕ್ಕೆ ಅದು ಸಂಘದ್ದಾಗುವುದಿಲ್ಲ. ಸಹಿ ಮಾಡಿದ ಹಸ್ತಾಂತರ ಪತ್ರ ಬೇಕು, ಅದರಲ್ಲಿ ಅವಧಿ ಕಾಣಿಸಲೇಬೇಕು. ಬರೆಯದಿದ್ದರೆ ಕಲಂ 19ರಂತೆ ಐದೇ ವರ್ಷ. ಮೂಲ ಕೋಡ್, ತಿಂಗಳಿಗೊಮ್ಮೆ ಡೇಟಾವನ್ನು ಸಿಎಸ್‌ವಿ (ಸರಳ ಪಟ್ಟಿ ಫೈಲ್) ಆಗಿ ಹೊರತೆಗೆಯುವ ದಾರಿ ಎರಡನ್ನೂ ಕೊನೆಯ ಕಂತಿನ ಹಣಕ್ಕೆ ಮೊದಲೇ ಕೈಗೆ ತೆಗೆದುಕೊಳ್ಳಿ.