ರಾಜೀವ್ ಗಾಂಧಿ ‘ವಧೆ’ಯೇ? ಅದಕ್ಕೊಂದು ‘ಪಿತೂರಿ ಸಿದ್ಧಾಂತ’ವೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವ ನಾನು. ಮೊನ್ನೆ ಹುಡುಗನೊಬ್ಬ ಉತ್ತರಪತ್ರಿಕೆಯಲ್ಲಿ ‘1991ರಲ್ಲಿ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯ ವಧೆಯಾಯಿತು’ ಎಂದು ಬರೆದಿದ್ದ. ಅವನ ತಪ್ಪಲ್ಲ. ಮನೆಗೆ ಬರುವುದು ಮಲಯಾಳ ಪೇಪರು. ಅದರಲ್ಲಿ ‘ರಾಜೀವ್ ಗಾಂಧಿ ವಧಕ್ಕೇಸ್’ ಎಂದೇ ಇರುತ್ತದೆ. ಅವರಿಗೆ ಅದು ಬರೀ ಕೊಲೆ ಕೇಸು. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಿವಿಗೆ ವಧೆ ಎಂದರೆ ಕೀಚಕನದ್ದು, ಕಂಸನದ್ದು. ಸತ್ತವನಿಗೆ ತಕ್ಕದ್ದೇ ಆಯಿತು ಎಂಬ ತೀರ್ಪು ಪದದ ಹೊಟ್ಟೆಯಲ್ಲೇ ಉಂಟು. ಹತ್ಯೆ ಎಂದಾಗ ಪಾಪ ಕೊಂದವನ ತಲೆಗೆ: ಶಿಶುಹತ್ಯೆ, ಬ್ರಹ್ಮಹತ್ಯೆ. (ವಾಲಿಯ ವಿಷಯ ಬೇರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೋ ಎಂದು ತಾಳಮದ್ದಳೆಯಲ್ಲಿ ಬೆಳಗಿನವರೆಗೆ ಅರ್ಥ ಹೇಳಿದರೂ ಮುಗಿಯುವುದಿಲ್ಲ.) ಮರಾಠಿಯಲ್ಲಿ ‘ಗಾಂಧೀವಧ’ ಎನ್ನುವವರಿಗೂ ‘ಗಾಂಧೀಹತ್ಯಾ’ ಎನ್ನುವವರಿಗೂ ಜಗಳ ಇರುವುದು ಇದಕ್ಕೇ. ‘ಹತ್ಯೆ’ ಎಂದು ತಿದ್ದಿದೆ, ಅಂಕ ಕಳೆಯಲಿಲ್ಲ.

ನನ್ನ ಪ್ರಶ್ನೆ ಇದಲ್ಲ. ಪೇಪರು ಕೈಗೆ ಸಿಕ್ಕಿದ ಮೇಲೆ ಹುಡುಗ ಕೇಳಿದ: “ಸರ್, ಅದರ ಹಿಂದೆ ಬೇರೆ ದೊಡ್ಡವರು ಇದ್ದರಂತೆ, ಹೌದಾ? ಅಜ್ಜ ಹೇಳ್ತಾರೆ.” ಇಂಗ್ಲಿಷಿನ ‘ಕಾನ್ಸ್ಪಿರಸಿ ಥಿಯರಿ’ಯನ್ನು ನೆನೆದು ‘ಅದಕ್ಕೆ ಪಿತೂರಿ ಸಿದ್ಧಾಂತ ಅಂತಾರೆ’ ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಇರಿಸುಮುರಿಸು. ಸಿದ್ಧಾಂತ ಎಂದರೆ ವಾದವೆಲ್ಲ ಮುಗಿದು ನಿಂತ ತೀರ್ಮಾನ. ಅಜ್ಜನದ್ದು ತೀರ್ಮಾನವಾಗದೆ ಉಳಿದ ಮಾತು. ಮಲಯಾಳದ ‘ಗೂಢಾಲೋಚನಾ ಸಿದ್ಧಾಂತಂ’ ಕೂಡ ಅದೇ ಹಳ್ಳಕ್ಕೆ ಬಿದ್ದಿದೆ. ಪಿತೂರಿಯೂ ಸಮ ಕೂರುವುದಿಲ್ಲ. ಮರಾಠಿಯ ‘ಫಿತುರಿ’ಯಲ್ಲಿ ಒಳಗಿದ್ದವ ಎದುರಾಳಿಗೆ ಒಲಿಯುವ ದ್ರೋಹ ಮುಖ್ಯ, ತೆಲುಗರಿಗೆ ಪಿತೂರಿ ಎಂದರೆ ದಂಗೆ, ಬ್ರಿಟಿಷರ ವಿರುದ್ಧ ಅಲ್ಲೂರಿ ಸೀತಾರಾಮರಾಜು ನಡೆಸಿದ ಹೋರಾಟ ಅವರ ಬಾಯಲ್ಲಿ ‘ಮನ್ಯಂ ಪಿತೂರಿ’.

ಇನ್ನೊಂದು ತೊಡಕು, ಇಲ್ಲಿ ಸಂಚು ಎಂಬುದು ರುಜುವಾತಾದ ಸಂಗತಿ. 1998ರಲ್ಲಿ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು 26 ಮಂದಿಗೆ ಗಲ್ಲು ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟು ನಾಲ್ವರಿಗೆ ಗಲ್ಲು, ಮೂವರಿಗೆ ಜೀವಾವಧಿ ಎಂದಿತು; ಉಳಿದ 19 ಮಂದಿ ಹೊರಬಂದರು. ಅವರಾಚೆ ಯಾರಿದ್ದರು ಎಂಬ ಗುಮಾನಿ ಮಾತ್ರ ಸಾಯಲಿಲ್ಲ. ಹತ್ಯೆಯ ಹಿಂದಿನ ಸಂಚನ್ನು ವಿಚಾರಿಸಲು ನೇಮಿಸಿದ ಜೈನ್ ಆಯೋಗದ ಮಧ್ಯಂತರ ವರದಿ ತಮಿಳುನಾಡಿನ ಡಿಎಂಕೆ ಪಕ್ಷದತ್ತ ಬೆರಳು ತೋರಿಸಿತೆಂದು ಕಾಂಗ್ರೆಸ್ ಬೆಂಬಲ ಹಿಂದೆ ತೆಗೆದು, 1997ರಲ್ಲಿ ಪ್ರಧಾನಿ ಗುಜ್ರಾಲರ ಸರಕಾರವೇ ಬಿತ್ತು. 2004ಕ್ಕೆ ಅವೇ ಎರಡು ಪಕ್ಷ ಒಂದೇ ಪಂಕ್ತಿಯಲ್ಲಿ! ‘ದೊಡ್ಡ ಸಂಚು’ ಹುಡುಕಲು ಸಿಬಿಐ ಅಡಿಯಲ್ಲಿ ಮಾಡಿದ ದಳವಂತೂ ಇಪ್ಪತ್ತು ವರ್ಷ ದಾಟಿದರೂ ಹುಡುಕುತ್ತಲೇ ಇತ್ತು.

ಹಾಗಾಗಿ ಎರಡು ಪದ ಬೇಕು. ಕೋರ್ಟಿನಲ್ಲಿ ನಿಂತದ್ದಕ್ಕೆ ‘ಒಳಸಂಚು’ ಸಾಕು. ಅಜ್ಜನದ್ದಕ್ಕೆ? ‘ಸಂಚಿನ ಕಟ್ಟುಕಥೆ’ ಎಂದರೆ ಕೇಳುವ ಮೊದಲೇ ಸುಳ್ಳು ಎಂದ ಹಾಗೆ. ನನ್ನ ಒಲವು ‘ಸಂಚಿನ ಗುಮಾನಿ’ ಕಡೆಗೆ. ಇಲ್ಲಿನ ಜನ ಚಾದಂಗಡಿಯಲ್ಲಿ ‘ಒಳಗಿನ ಕತೆ ಬೇರೆ ಉಂಟು ಮಾರಾಯ’ ಎನ್ನುತ್ತಾರೆ. ಅದನ್ನೇ ಕುಗ್ಗಿಸಿ ‘ಒಳಗತೆ’ ಮಾಡಬಹುದೆಂದು ನಮ್ಮ ಕನ್ನಡ ಪಂಡಿತರ ಸಲಹೆ. ಉಪಕಥೆ ಎಂದು ತಿಳಿದಾರು ಎಂಬ ಅಳುಕು ನನಗೆ. ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ಮಡಕಶಿರಾ ಕಡೆಯವರೇ, ನಿಮ್ಮಲ್ಲಿ ಇಂಥ ಮಾತಿಗೆ ಏನೆನ್ನುತ್ತಾರೆ?