ಸಂಜೆ ರೆಕಾರ್ಡಿಂಗ್‌ನಲ್ಲಿ ಹಕ್ಕಿಯೇ ಇಲ್ಲ, ಮೈಕ್ ಹೋಯ್ತಾ?

ಮೂಡಿಗೆರೆ_ಮೇಷ್ಟ್ರು:
ತಲೆ ಕೆಟ್ಟುಹೋಗಿದೆ. ನನ್ನ ಹತ್ತಿರ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿರುವ ಹುಡುಗಿ ಕಾಫಿ ತೋಟದಲ್ಲಿ ರೆಕಾರ್ಡರ್‌ಗಳನ್ನು ಕಟ್ಟಿದ್ದಾಳೆ. ಬೆಳಿಗ್ಗೆ 5ರಿಂದ 7, ಸಂಜೆ 6ರಿಂದ 8. ಸಂಜೆ ಫೈಲಿನಲ್ಲಿ ಒಂದು ಮಂಗಟ್ಟೆ ಇಲ್ಲ, ಮುಸ್ಸಂಜೆಯ ಜೀರುಂಡೆ ಗಲಾಟೆ ಇಲ್ಲ. ಬೆಳಿಗ್ಗೆ ಮಲಬಾರ್ ವಿಸ್ಲಿಂಗ್ ತ್ರಶ್ ಕೂಗಲೇಬೇಕು, ಅದೂ ಇಲ್ಲ. ವರದಿ ಕೊಡುವ ದಿನ ಹತ್ತಿರ ಬಂತು. ಏನು ಮಾಡಲಿ?

ಬಿಸಿಲೆ_ಕಪ್ಪೆ:
ತೇವ. ನೂರಕ್ಕೆ ನೂರು ತೇವ. ಮಲೆನಾಡಿನ ಮಳೆಗೆ ಮೈಕ್ ತೂತು ಮುಚ್ಚಿಹೋಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ್ರಾ?

ಗೊರೂರು_ಹಿನ್ನೀರು:
ಯಾವ ರೆಕಾರ್ಡರ್ ಅಂತಲೇ ಹೇಳಿಲ್ಲವಲ್ಲ ಸರ್. ಆಡಿಯೋಮಾತ್ ಅನ್ನುವ ಪುಟ್ಟ ರೆಕಾರ್ಡರ್ ತಾನೇ?

ಮೂಡಿಗೆರೆ_ಮೇಷ್ಟ್ರು:
ಹೌದು, ಇನ್ಯಾವುದು? 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸದ್ದು ಅಳೆಯುವ ಹಾಗೆ ಇಟ್ಟಿದೆ. ಸಿಲಿಕಾ ಹಾಕಿದ್ದಾಳೆ.

ಬಿಸಿಲೆ_ಕಪ್ಪೆ:
ಹಳೇ ಸಿಲಿಕಾ ಇರಬೇಕು. ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿಸಿ.

ಬಾವಲಿ_ಭಾಸ್ಕರ:
48 ಯಾಕೆ? ನಾನು ಯಾವಾಗಲೂ 384ರಲ್ಲೇ ಹಾಕುವುದು. ನಮ್ಮ ಕಿವಿಗೆ ಕೇಳದ ಬಾವಲಿ ಕೂಗೂ ಸಿಗುತ್ತದೆ. ನನ್ನ ಹತ್ತಿರ ಈಗ 512 ಜಿಬಿ ಕಾರ್ಡ್‌ಗಳೇ ಇವೆ.

ಗೊರೂರು_ಹಿನ್ನೀರು:
48ರಲ್ಲಿ ಗಂಟೆಗೆ ಸುಮಾರು 345 ಎಂಬಿ. 384ರಲ್ಲಿ ಅದರ ಎಂಟರಷ್ಟು, ಹತ್ತಿರ ಹತ್ತಿರ 2.8 ಜಿಬಿ. ಹಕ್ಕಿ, ಕಪ್ಪೆಗೆ 48 ಧಾರಾಳ ಸಾಕು. ಸುಮ್ನೆ ವಿದ್ಯಾರ್ಥಿ ತಲೆ ಮೇಲೆ ಡಿಸ್ಕ್ ಹೊರಿಸಬೇಡಿ.

ಬಾವಲಿ_ಭಾಸ್ಕರ:
ನಿಮ್ಮ ಲ್ಯಾಪ್‌ಟಾಪ್ ತಡೆಯೋದಿಲ್ಲ ಅಂತ ಹೇಳಿ, ಅಷ್ಟೇ.

ಆಲ್ದೂರು_ಅಕ್ಕ:
ಮೇಷ್ಟ್ರೇ, ಏನು ಕೇಳಿಸುತ್ತಿಲ್ಲ ಅಂತ ಹೇಳಿದಿರಿ. ಏನು ಕೇಳಿಸುತ್ತಿದೆ?

ಮೂಡಿಗೆರೆ_ಮೇಷ್ಟ್ರು:
ಸಂಜೆಯದರಲ್ಲಿ ಬರೀ ಮರಗಪ್ಪೆ, ಹಳ್ಳದ ಸದ್ದು. ಬೆಳಗಿನದರಲ್ಲಿ ವೀಡ್ ಕಟರ್ ಗದ್ದಲ, ಆಳುಗಳ ಮಾತು.

ಆಲ್ದೂರು_ಅಕ್ಕ:
ಕಪ್ಪೆ ಕೇಳಿಸುತ್ತಿದ್ದರೆ ಮೈಕ್ ಚೆನ್ನಾಗಿಯೇ ಇದೆ. ಇನ್ನು, ಬೆಳಿಗ್ಗೆ ಐದೂವರೆಗೆ ವೀಡ್ ಕಟರ್ ಹಿಡಿಯುವ ಆಳುಗಳು ಯಾವ ತೋಟದಲ್ಲಿದ್ದಾರೆ? ನಮಗೂ ಕಳಿಸಿ! ನಿಮ್ಮ 5:30 ಅಂದರೆ ನಿಜವಾಗಿ ಹಗಲು 11 ಗಂಟೆ. ರೆಕಾರ್ಡರಿನ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಂಜೆ 6 ಅಂತ ಹಾಕಿದ್ದು ರಾತ್ರಿ ಹನ್ನೊಂದೂವರೆಗೆ ಶುರುವಾಗಿದೆ. ಒಂದು ಫೈಲನ್ನು ಆಡಾಸಿಟಿ ಅನ್ನುವ ಆಡಿಯೋ ತಂತ್ರಾಂಶದಲ್ಲಿ ತೆರೆದು ಮೆಟಾಡೇಟಾ (ಫೈಲಿನೊಳಗೇ ಇರುವ ವಿವರ) ನೋಡಿ. ಸಮಯ, ಬ್ಯಾಟರಿ ವೋಲ್ಟೇಜ್ ಎಲ್ಲ ಬರೆದಿರುತ್ತದೆ.

ಬಿಸಿಲೆ_ಕಪ್ಪೆ:
ತೇವದಿಂದಲೂ ಗಡಿಯಾರ ಹೀಗೆ ಆಡಬಹುದು.

ಆಲ್ದೂರು_ಅಕ್ಕ:
ಎಲ್ಲ ಬಾಕ್ಸ್‌ನಲ್ಲೂ ಸರಿಯಾಗಿ ಐದೂವರೆ ಗಂಟೆ ಅಳೆದು ತೂಗಿ ಕೆಡಿಸುವ ತೇವವೇ?

ಮೂಡಿಗೆರೆ_ಮೇಷ್ಟ್ರು:
ಮೆಟಾಡೇಟಾದಲ್ಲಿ ಯುಟಿಸಿ ಅಂತಲೇ ಇದೆ. ಎಲ್ಲ ಅಳಿಸಿಬಿಟ್ಟು ಮತ್ತೆ ಕಟ್ಟಿಸುತ್ತೇನೆ.

ಆಲ್ದೂರು_ಅಕ್ಕ:
ಅಯ್ಯೋ, ಅಳಿಸಬೇಡಿ! ನಡುರಾತ್ರಿಯ ಕಪ್ಪೆ ಕೂಗು ಅಷ್ಟು ಸುಲಭಕ್ಕೆ ಸಿಗುತ್ತದಾ? ಮೂಲ ಫೈಲು ಹಾಗೇ ಇರಲಿ. ಪ್ರತಿ ಮಾಡಿ, ಅದರ ಹೆಸರಿನಲ್ಲಿರುವ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ. ಯುಟಿಸಿ 18:30 ದಾಟಿದ್ದಕ್ಕೆ ನಮ್ಮ ತಾರೀಕೂ ಬದಲಾಗುತ್ತದೆ, ಅಲ್ಲೇ ಮಕ್ಕಳು ಎಡವುವುದು. ಈ ಕೆಲಸ ಅವಳ ಕೈಯಲ್ಲೇ ಮಾಡಿಸಿ. ಮುಸ್ಸಂಜೆಯ ಹಕ್ಕಿ ಮಾತ್ರ ಇನ್ನು ಸಿಗೋದಿಲ್ಲ, ವರದಿಯ ಪ್ರಶ್ನೆಯನ್ನೇ ಕಪ್ಪೆ ಕಡೆ ತಿರುಗಿಸಬಹುದು. ಮುಂದಿನ ಸಲ ಕಾನ್ಫಿಗರೇಷನ್ ಆ್ಯಪ್‌ನಲ್ಲಿ ಸ್ಥಳೀಯ ಸಮಯ ಆರಿಸಿ, ಮೊದಲು ಮನೆ ಹಿತ್ತಲಲ್ಲಿ ಒಂದು ರಾತ್ರಿ ಇಟ್ಟು ನೋಡಲಿ. ದೇವಸ್ಥಾನದ ಸುಪ್ರಭಾತ ಎಷ್ಟು ಗಂಟೆಯ ಫೈಲಿನಲ್ಲಿ ಬಂತು ಅಂತ ನೋಡಿದರೆ ಸಾಕು. ಆಮೇಲೆ, ಆಳುಗಳ ಮಾತು ರೆಕಾರ್ಡ್ ಆಗುತ್ತಿದೆ ಅಂತ ಅವರಿಗೂ ಹೇಳಿಸಿ.

ಹೊಸಬ_ಹಾಸನ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮುತ್ತೋಡಿ ಕಾಡಿನೊಳಗೆ ಕಟ್ಟಬಹುದಾ?

ಗೊರೂರು_ಹಿನ್ನೀರು:
ಅದು ಭದ್ರಾ ಹುಲಿ ಮೀಸಲು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ. ತೋಟಕ್ಕಾದರೆ ಮಾಲೀಕರನ್ನು ಕೇಳಿದರೆ ಆಯ್ತು. ಬೇರೆ ಚರ್ಚೆ ತೆರೆಯಿರಿ.

ಬರ್ಡ್‌ನೆಟ್_ಬಸಣ್ಣ:
ಯಾರೂ ಬರ್ಡ್‌ನೆಟ್ (ಕೂಗಿನಿಂದ ಹಕ್ಕಿ ಗುರುತಿಸುವ ತಂತ್ರಾಂಶ) ಓಡಿಸಿಲ್ವಾ? ನನ್ನ ಪಟ್ಟಿ ನೋಡಿ, ಎಷ್ಟೊಂದು ಜಾತಿ!

ಆಲ್ದೂರು_ಅಕ್ಕ:
ಅದರಲ್ಲಿ ಅರ್ಧ ನಿಮ್ಮ ತೋಟದ ಭೀಮರಾಜ ಹಕ್ಕಿ ಮಾಡಿದ ಮಿಮಿಕ್ರಿ ಇರಬಹುದು. ಕಿವಿಯಿಂದ ಕೇಳಿ ನೋಡಿದಿರಾ?

ಬಿಸಿಲೆ_ಕಪ್ಪೆ:
ಸರಿ, ಗಡಿಯಾರವೇ ಅನ್ನೋಣ. ಆದರೂ ಸಿಲಿಕಾ ಬದಲಾಯಿಸಿ. ನನ್ನ ಬಾಕ್ಸ್ ಫೋಟೋ ನಾಳೆ ಹಾಕುತ್ತೇನೆ, ಎರಡು ಪದರ ಮುಚ್ಚಳ.