ಮಗಳ ತಲೇಲಿ ನೀರು ತುಂಬಿದ ಗಡ್ಡೆ, ಎಂಡೋಸ್ಕೋಪ್‌ನಲ್ಲಿ ಟ್ಯೂಬ್ ಇಡ್ತಾರಂತೆ, ಗೊತ್ತಿರೋರು ಹೇಳಿ

ಹಾಸನದ ಅಪ್ಪ:
ಎಲ್ರಿಗೂ ನಮಸ್ಕಾರ. ಮಗಳು ನಾಲ್ಕನೇ ಕ್ಲಾಸು, ಕೆಲವು ತಿಂಗಳಿಂದ ತಲೆನೋವು, ಬೆಳಗ್ಗೆ ಎದ್ದ ತಕ್ಷಣ ವಾಂತಿ, ಪಕ್ಕದಲ್ಲಿ ಬರೋರು ಕಾಣದೆ ಡಿಕ್ಕಿ ಹೊಡೀತಿದ್ಲು, ಕನ್ನಡಕ ಬೇಕೇನೋ ಅಂತ ಕಣ್ಣಿನ ಡಾಕ್ಟ್ರಿಗೆ ತೋರ್ಸಿದ್ರೆ ಅವ್ರೇ ಎಂಆರ್‌ಐ ಮಾಡ್ಸಿ ಅಂದ್ರು. ಕ್ರೇನಿಯೋಫ್ಯಾರಿಂಜಿಯೋಮಾ ಅಂತೆ. ಕ್ಯಾನ್ಸರ್ ಅಲ್ಲ, ಆದ್ರೆ ಪೂರ್ತಿ ತೆಗೆಯಲ್ಲ, ಒಳಗೆ ಕ್ಯಾಥೆಟರ್ ಅಂತ ಸಣ್ಣ ಟ್ಯೂಬ್ ಇಟ್ಟು ನೀರು ತೆಗೀತೀವಿ ಅಂತಾರೆ. ಗಡ್ಡೆ ಅಲ್ಲೇ ಬಿಟ್ರೆ ಏನು ಪ್ರಯೋಜನ? ತಲೇಲಿ ಟ್ಯೂಬ್ ಇಟ್ಕೊಂಡು ಸ್ಕೂಲಿಗೆ ಹೋಗಕ್ಕಾಗುತ್ತಾ?

ನ್ಯೂರೋ ವಾರ್ಡ್ ಸಿಸ್ಟರ್:
ಸರ್, ಈ ಗಡ್ಡೆ ಬೆಳೆಯೋದೇ ಪಿಟ್ಯುಟರಿ ಅನ್ನೋ ಹಾರ್ಮೋನ್ ಗ್ರಂಥಿ ಹತ್ರ, ಎರಡೂ ಕಣ್ಣಿನ ನರ ಸೇರೋ ಜಾಗದಲ್ಲಿ, ಮೇಲ್ಗಡೆ ಹೈಪೋಥಲಾಮಸ್, ಅಂದ್ರೆ ಹಸಿವು, ಬಾಯಾರಿಕೆ ನೋಡ್ಕೊಳ್ಳೋ ಮೆದುಳಿನ ಭಾಗ. ಪೂರ್ತಿ ಕಿತ್ತು ತೆಗೆಯಕ್ಕೆ ಹೋಗಿ ಹೈಪೋಥಲಾಮಸ್‌ಗೆ ಪೆಟ್ಟಾದ್ರೆ ಮಗೂಗೆ ಹಸಿವು ಹಿಡಿತಕ್ಕೆ ಸಿಗಲ್ಲ, ತೂಕ ವಿಪರೀತ ಏರುತ್ತೆ, ಅದಕ್ಕೇ ಮೊದಲು ನೀರು ತೆಗೆದು ಕಣ್ಣಿನ ನರದ ಮೇಲಿನ ಒತ್ತಡ ಇಳಿಸ್ತಾರೆ. ತಲೆಬುರುಡೇಲಿ ಸಣ್ಣ ತೂತು ಮಾಡಿ, ಮೆದುಳೊಳಗೆ ನೀರಿರೋ ಜಾಗ ವೆಂಟ್ರಿಕಲ್, ಅದರ ಒಳಗಿಂದ ಎಂಡೋಸ್ಕೋಪ್ ಅನ್ನೋ ಸಣ್ಣ ಕ್ಯಾಮೆರಾ ಬಿಟ್ಟು, ಗಡ್ಡೆಯ ಗೋಡೆ ಕಣ್ಣಾರೆ ನೋಡ್ಕೊಂಡೇ ಟ್ಯೂಬ್ ಒಳಗೆ ತೂರಿಸ್ತಾರೆ. ಹೊರಗೆ ಏನೂ ನೇತಾಡಲ್ಲ. ಟ್ಯೂಬಿನ ಇನ್ನೊಂದು ತುದೀಲಿ ಒಮಾಯ ರಿಸರ್ವಾಯರ್ ಅಂತ ಗುಂಡಿ ಥರದ್ದು ಇರುತ್ತೆ, ತಲೆ ಚರ್ಮದ ಕೆಳಗೇ ಕೂರುತ್ತೆ, ಪಾಕಿಸ್ತಾನ ಮೂಲದ ನ್ಯೂರೋಸರ್ಜನ್ ಆಯೂಬ್ ಒಮಾಯ 1963ರಲ್ಲಿ ಮಾಡಿದ್ದು. ನೀರು ಮತ್ತೆ ತುಂಬಿದ್ರೆ ಸಣ್ಣ ಸೂಜೀಲಿ ಚರ್ಮದ ಮೇಲಿಂದಾನೇ ಎಳೀತಾರೆ, ಪ್ರತಿ ಸಲ ಆಪರೇಷನ್ ಬೇಡ. ಆ ನೀರು ಹಳೇ ಇಂಜಿನ್ ಆಯಿಲ್ ಬಣ್ಣ ಇರುತ್ತೆ, ಕೊಲೆಸ್ಟ್ರಾಲ್ ಹರಳು ಮಿನುಗ್ತಾ ಇರುತ್ತೆ, ನೋಡಿ ಗಾಬರಿ ಆಗ್ಬೇಡಿ.

ಮೈಸೂರಿನ ಅಮ್ಮ:
ಅಣ್ಣ, ನನ್ನ ಮಗನಿಗೂ ಇದೇ ಆಗಿದ್ದು. ಟ್ಯೂಬ್ ಇಟ್ಟೇ ಸ್ಕೂಲಿಗೆ ಹೋದ, ಕೂದಲು ಬಂದ್ಮೇಲೆ ಯಾರಿಗೂ ಗೊತ್ತಾಗ್ಲಿಲ್ಲ, ಉಳಿದ ಗಡ್ಡೆಗೆ ಆಮೇಲೆ ರೇಡಿಯೇಷನ್ ಕೊಟ್ರು. ನಮಗೆ ಕಷ್ಟ ಆಗಿದ್ದು ಟ್ಯೂಬ್ ಅಲ್ಲ ಅಣ್ಣ, ಹಾರ್ಮೋನು. ಚೊಂಬುಗಟ್ಲೆ ನೀರು ಕುಡಿಯೋನು, ರಾತ್ರಿ ಪೂರ್ತಿ ಬಾತ್‌ರೂಮು, ಡೆಸ್ಮೋಪ್ರೆಸಿನ್ ಅಂತ ಮೂತ್ರ ಕಡಿಮೆ ಮಾಡೋ ಔಷಧಿ ಶುರು ಮಾಡಿದ್ಮೇಲೆ ನಿದ್ದೆ ಕಂಡ್ವಿ. ಎಂಡೋಕ್ರೈನ್, ಅಂದ್ರೆ ಹಾರ್ಮೋನ್ ಡಾಕ್ಟ್ರನ್ನ ಆಪರೇಷನ್‌ಗೆ ಮುಂಚೇನೇ ಕಾಣಿ. ಸ್ಟೀರಾಯ್ಡ್ ಮಾತ್ರೆ ಬರೆದ್ರೆ ಒಂದು ದಿನಾನೂ ತಪ್ಪಿಸ್ಬೇಡಿ, ಜ್ವರ ಬಂದ್ರೆ ಡೋಸ್ ಎಷ್ಟು ಅಂತ ಈಗ್ಲೇ ಬರೆಸ್ಕೊಳ್ಳಿ.

ನ್ಯೂರೋ ವಾರ್ಡ್ ಸಿಸ್ಟರ್:
ಅಕ್ಕ ಹೇಳಿದ್ದು ಸರಿ. ಇನ್ನೊಂದು, ಆ ಟ್ಯೂಬಲ್ಲಿ ಔಷಧಿನೂ ಹಾಕ್ತೀರಾ ಕೇಳಿ, ನೀರು ಮತ್ತೆ ತುಂಬೋದು ತಗ್ಗಿಸಕ್ಕೆ ಇಂಟರ್‌ಫೆರಾನ್ ಅಥವಾ ಬ್ಲಿಯೋಮೈಸಿನ್ ಹಾಕೋದುಂಟು. ಬ್ಲಿಯೋಮೈಸಿನ್ ಆಚೆ ಸೋರಿದ್ರೆ ಮೆದುಳಿಗೆ ಅಪಾಯ, ಹಾಗಾಗಿ ಮೊದಲು ಡೈ ಹಾಕಿ ಸ್ಕ್ಯಾನ್‌ನಲ್ಲಿ ಸೋರಿಕೆ ಇಲ್ಲ ಅಂತ ನೋಡ್ಬೇಕು. ಮನೆಗೆ ಬಂದ್ಮೇಲೆ ಜ್ವರ, ಗುಂಡಿ ಮೇಲೆ ಕೆಂಪು, ಮತ್ತೆ ವಾಂತಿ, ಮಂಪರು, ಇದ್ರಲ್ಲಿ ಒಂದು ಕಂಡ್ರೂ ರಾತ್ರಿ ಎಷ್ಟೊತ್ತಾದ್ರೂ ನೇರ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಸರ್.